ಕಷ್ಟ ಇರುವುದು ಸುಲಭದ ಪದಗಳಲ್ಲಿ

ವಿಜ್ಞಾನದ ಕನ್ನಡ ಪದಗಳು ಕಬ್ಬಿಣದ ಕಡಲೆ ಎನ್ನುವವರು ಮೊದಲು ಎತ್ತಿ ತೋರಿಸುವುದು ‘ವೇಗೋತ್ಕರ್ಷ’ವನ್ನು. ಬಾಯಿಗೆ ತುಸು ಭಾರವೇ, ನಿಜ. ಆದರೆ ಆ ಪದ ಮಕ್ಕಳಿಗೆ ಮೋಸ ಮಾಡುವುದಿಲ್ಲ. ಪಾಠದಲ್ಲೇ ಮೊದಲ ಸಲ ಎದುರಾಗುತ್ತದೆ, ಒಂದೇ ಅರ್ಥ ಹೊತ್ತು ಬರುತ್ತದೆ. ಎಡವಿಸುವುದು ಮನೆಯಲ್ಲೇ ಓಡಾಡಿಕೊಂಡಿರುವ ಪದಗಳು: ಕೆಲಸ, ಬಲ, ಶಕ್ತಿ.

ದಾದರ್ ಸ್ಟೇಷನ್ನಿನಲ್ಲಿ 20 ಕಿಲೋ ಪೆಟ್ಟಿಗೆ ತಲೆಯ ಮೇಲಿಟ್ಟು ಅರ್ಧ ಗಂಟೆ ಅಲುಗಾಡದೆ ನಿಂತ ಹಮಾಲ ಆ ಪೆಟ್ಟಿಗೆಯ ಮೇಲೆ ಮಾಡಿದ ಕೆಲಸ, ಭೌತಶಾಸ್ತ್ರದ ಲೆಕ್ಕದಲ್ಲಿ ಸೊನ್ನೆ. ಅವನೆದುರು ಇದನ್ನು ಹೇಳದಿರುವುದೇ ಕ್ಷೇಮ. ಬಲದ ದಿಕ್ಕಿನಲ್ಲಿ ವಸ್ತು ಸರಿಯದಿದ್ದರೆ ಕೆಲಸವೇ ಆಗಿಲ್ಲ. ಇಂಗ್ಲಿಷಿನ ‘ವರ್ಕ್’ಗೂ ಇದೇ ಗತಿ. ಹಾಗಾಗಿ ಮಾಧ್ಯಮ ಬದಲಿಸಿದರೆ ಈ ತೊಡಕು ಬಗೆಹರಿಯುವುದಿಲ್ಲ.

ಹೊರನಾಡಿನಲ್ಲಿ ಇನ್ನೊಂದು ಗಂಟೂ ಉಂಟು. ಕರ್ನಾಟಕದ ಪುಸ್ತಕಗಳಲ್ಲಿ ಎನರ್ಜಿಗೆ ‘ಶಕ್ತಿ’, ಪವರ್‌ಗೆ ‘ಸಾಮರ್ಥ್ಯ’. ಮರಾಠಿ, ಹಿಂದಿ ಪುಸ್ತಕಗಳಲ್ಲಿ ಎನರ್ಜಿ ‘ಊರ್ಜಾ’, ಪವರ್‌ಗೇ ‘ಶಕ್ತಿ’. ಧಾರವಾಡದ ಅಜ್ಜ ಶಕ್ತಿಯ ಮಾನ ಜೂಲ್ ಎಂದರೆ ಪುಣೆಯ ಮೊಮ್ಮಗಳು ವ್ಯಾಟ್ ಎಂದಾಳು. ಇಬ್ಬರೂ ಸರಿ, ಇಬ್ಬರಿಗೂ ಇನ್ನೊಬ್ಬರು ತಪ್ಪು! ಇದು ಬರೀ ಪದದ ಜಗಳವಲ್ಲ. ಇಸ್ತ್ರಿಪೆಟ್ಟಿಗೆಯ ಮೇಲೆ ಬರೆದ 1000 ವ್ಯಾಟ್ ಅದರ ಸಾಮರ್ಥ್ಯ. ಅದನ್ನು ಪೂರ್ತಿ ಒಂದು ಗಂಟೆ ಉರಿಸಿದರೆ ಬಿಲ್ಲಿನಲ್ಲಿ ಏರುವ 1 ಯೂನಿಟ್, ಅಂದರೆ 36 ಲಕ್ಷ ಜೂಲ್, ಶಕ್ತಿ. ಎರಡನ್ನೂ ಒಂದೇ ಪದದಲ್ಲಿ ಕಲಸಿಕೊಂಡವರಿಗೆ ಮನೆಯ ಕರೆಂಟ್ ಬಿಲ್ಲೂ ಅರ್ಥವಾಗದು.

ಮೂಲವಸ್ತುಗಳ ಮಾತು ಬೇರೆ. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆ ಎಂದು ನಂಬಿ ಲಾವೋಸಿಯೆ ಆಕ್ಸಿಜನ್ನಿಗೆ ಗ್ರೀಕಿನಿಂದ ಹೆಸರು ಕಟ್ಟಿದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ಇಂಗ್ಲಿಷಿನಲ್ಲಿ ಆ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ. ಕನ್ನಡದ ‘ಆಮ್ಲಜನಕ’ದಲ್ಲಿ ಮಗುವಿಗೂ ಕೇಳಿಸುತ್ತದೆ, ನಂಬಿಯೂ ಬಿಡುತ್ತದೆ. ಇಲ್ಲಿ ಆಕ್ಸಿಜನ್ ಎಂದೇ ಬರೆದರೆ ಕನ್ನಡಕ್ಕೆ ನಷ್ಟವೇನಿಲ್ಲ. ಜಡತ್ವ, ಸಂವೇಗ ಮಾತ್ರ ಉಳಿಯಲೇಬೇಕು. ಅವು ವಸ್ತುವಿನ ಹೆಸರಲ್ಲ, ಯೋಚನೆಯ ಹೆಸರು. ಯೋಚನೆ ನಡೆಯುವುದು ಮನೆಮಾತಿನಲ್ಲೇ.

ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಅಂಥ ಪುಸ್ತಕದ ಪದಪಟ್ಟಿಗೆ ಕನ್ನಡ, ಇಂಗ್ಲಿಷ್ ಎಂಬ ಎರಡು ಕಂಬ ಸಾಲದು. ಮೂರನೆಯದು ಮರಾಠಿಯದಿರಲಿ, ಶಕ್ತಿ ಎಂಬ ಪದದ ಎದುರು ಆ ಇಸ್ತ್ರಿಪೆಟ್ಟಿಗೆಯ ಲೆಕ್ಕವೂ ಇರಲಿ.