ಕ್ರಯವಿಲ್ಲದ ಪಾಠಸಾಮಗ್ರಿಯೂ ಸ್ಪ್ಯಾನಿಷ್ ತರಗತಿಯೂ

ಪರಭಾಷೆಯೊಂದನ್ನು ಕಲಿಸಬೇಕಾದರೆ ಪುಸ್ತಕ, ಉಪಾಧ್ಯಾಯರು, ಆ ಭಾಷೆಯನ್ನು ಹುಟ್ಟಿನಿಂದ ಆಡಿದವರ ಧ್ವನಿ ಎಂಬ ಮೂರು ಸಾಧನಗಳು ಅವಶ್ಯಕವಾದವು. ಇವುಗಳಲ್ಲಿ ಮೂರನೆಯದು ಹಿಂದೆ ನಮ್ಮ ನಾಡಿನಲ್ಲಿ ಬಹು ದುರ್ಲಭವಾಗಿದ್ದಿತು. ಈಗಲಾದರೋ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಸ್ಪ್ಯಾನಿಷ್ ಭಾಷೆಯು ಕಲಿಸಲ್ಪಡುತ್ತಿರುವುದಲ್ಲದೆ, ಅದಕ್ಕೆ ಬೇಕಾದ ಸಾಮಗ್ರಿಯು ಅಂತರಜಾಲದಲ್ಲಿ ಕ್ರಯವಿಲ್ಲದೆ ದೊರೆಯುತ್ತಲಿದೆ. ಇದನ್ನು ಕಂಡು, "ಎಲ್ಲವೂ ಬಿಟ್ಟಿಯಾಗಿ ಮನೆಯಲ್ಲಿಯೇ ಸಿಕ್ಕುವಾಗ ಶಾಲೆಯಲ್ಲಿ ಇದಕ್ಕೊಂದು ಗಂಟೆಯೇಕೆ? ಒಬ್ಬ ಉಪಾಧ್ಯಾಯಿನಿಯೇಕೆ?" ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ತಂದೆತಾಯಿಗಳ ಹಾಗೂ ಹಳೆಯ ವಿದ್ಯಾರ್ಥಿನಿಯರ ಮುಂದಿಡಲು ಅಪೇಕ್ಷಿಸುತ್ತೇವೆ.

ಸಾಮಗ್ರಿಯು ಉತ್ತಮವಾದುದೆಂಬುದರಲ್ಲಿ ಸಂದೇಹವಿಲ್ಲ. ಸ್ಪೇನ್ ದೇಶವು 1991ರಲ್ಲಿ ಸ್ಥಾಪಿಸಿದ ಸೆರ್ವಾಂತೆಸ್ ಸಂಸ್ಥೆಯು ತನ್ನ ಅಂತರಜಾಲ ಕೇಂದ್ರದಲ್ಲಿ ಆರಂಭ, ಮಧ್ಯಮ, ಪ್ರೌಢ ಎಂಬ ಮೂರು ಮೆಟ್ಟಿಲುಗಳ ವಾಚನಪಾಠಗಳನ್ನು ಇರಿಸಿದೆ. 1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಜ ಅಕಾಡೆಮಿಯ ನಿಘಂಟನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ನಾನಾ ದೇಶಗಳ ಸ್ಪ್ಯಾನಿಷ್ ಭಾಷಿಕರು ನಿತ್ಯವಿಷಯಗಳನ್ನು ಮಾತನಾಡುವ ಚಲಚ್ಚಿತ್ರಗಳನ್ನು ಕಲಿಯುವವರ ಯೋಗ್ಯತೆಗೆ ತಕ್ಕಂತೆ ವಿಂಗಡಿಸಿ ಒದಗಿಸಿದ್ದಾರೆ. 'ಗ್ರಾಸಿಯಾಸ್' ಎಂಬ ವಂದನೆಯ ಪದದ ನಡುವಣ ಸಕಾರವು ಮ್ಯಾಡ್ರಿಡ್‌ನವರ ಬಾಯಿಯಲ್ಲಿ ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇರಿಸಿ ನುಡಿಯುವ ಬೇರೊಂದು ಧ್ವನಿಯಾಗುವುದೆಂಬುದನ್ನು ಪುಸ್ತಕವು ಹೇಳಬಹುದೇ ಹೊರತು ಕೇಳಿಸಲಾರದು.

ಆದರೆ ಈ ಭಂಡಾರದಲ್ಲಿ ಒಂದು ಕೊರತೆಯುಂಟು. ಇಂತಹ ಪಾಠಗಳ ವಿವರಣೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೋ ಸ್ಪ್ಯಾನಿಷಿನಲ್ಲಿಯೋ ಇರುವುದು. ನಮ್ಮ ಬಾಲಕಿಯು ಕನ್ನಡದಿಂದಲೇ ಸುಲಭವಾಗಿ ಅರಿಯಬಹುದಾದುದನ್ನು ಅಲ್ಲಿ ಸುತ್ತುಹಾದಿಯಿಂದ ತಿಳಿಯಬೇಕಾಗುತ್ತದೆ. 'ತು' ಮತ್ತು 'ಉಸ್ತೆದ್' ಎಂಬ ಎರಡು ಸಂಬೋಧನೆಗಳ ಭೇದವನ್ನು ಇಂಗ್ಲಿಷಿನಲ್ಲಿ ಬಹಳವಾಗಿ ವಿವರಿಸಬೇಕು. 'ನೀನು', 'ನೀವು' ಎಂದು ಹೇಳಿ ಬೆಳೆದವಳಿಗೆ ಒಂದು ವಾಕ್ಯವೇ ಸಾಕು. 'ಆಬ್ಲೊ' ಎಂದರೆ 'ಮಾತನಾಡುತ್ತೇನೆ'. ನಮ್ಮಲ್ಲಿರುವಂತೆಯೇ ಕ್ರಿಯಾಪದದ ಕೊನೆಯೇ ಕರ್ತೃವನ್ನು ತಿಳಿಸುವುದರಿಂದ 'ನಾನು' ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 'ಪೆರೊ' ಎಂದರೆ 'ಆದರೆ'. ರೇಫವನ್ನು ಬಲವಾಗಿ ಅದುರಿಸಿ 'ಪೆರ್ರೊ' ಎಂದರೆ 'ನಾಯಿ'. ಹಳಗನ್ನಡದಲ್ಲಿ ರೇಫವಲ್ಲದೆ ಶಕಟರೇಫವೂ ಇದ್ದಿತೆಂದು ಓದಿದವಳಿಗೆ ಇದು ತೀರ ಹೊಸ ಸಂಗತಿಯಲ್ಲ. ಈ ಸಂಬಂಧಗಳನ್ನು ತೋರಿಸಿಕೊಡತಕ್ಕವಳು ಉಪಾಧ್ಯಾಯಿನಿಯೇ. ನೂರು ಚಿತ್ರಗಳಲ್ಲಿ ಈ ದಿನದ ಪಾಠಕ್ಕೆ ಒಪ್ಪುವ ಮೂರು ನಿಮಿಷಗಳನ್ನು ಆರಿಸುವ ಶ್ರಮವೂ ಆಕೆಯದೇ. ಸಾಮಗ್ರಿಗೆ ಬೆಲೆಯಿಲ್ಲವೆಂದ ಮಾತ್ರಕ್ಕೆ ಆ ಶ್ರಮಕ್ಕೆ ಬೆಲೆಯಿಲ್ಲವೆಂದು ಎಣಿಸಬಾರದು.

ಇದಕ್ಕಿಂತಲೂ ಗುರುತರವಾದ ಕಾರಣ ಇನ್ನೊಂದುಂಟು. ಬಿಟ್ಟಿಯಾದ ವಸ್ತುವು ನಿಜವಾಗಿ ಯಾರಿಗೆ ಬಿಟ್ಟಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷ ವಯಸ್ಸಿನವರಲ್ಲಿ ಒಮ್ಮೆಯಾದರೂ ಅಂತರಜಾಲವನ್ನು ಬಳಸಿದವರು ಪುರುಷರಲ್ಲಿ ನೂರಕ್ಕೆ 57 ಮಂದಿ. ಸ್ತ್ರೀಯರಲ್ಲಿ 33 ಮಂದಿ ಮಾತ್ರ. ಆಮೇಲೆ ಬಳಕೆಯು ಹೆಚ್ಚಿದೆಯಾದರೂ, ಮನೆಗೊಂದೇ ಮೊಬೈಲು ಇರುವಲ್ಲಿ ಅದು ತಂದೆಯ ಕೈಯಿಂದ ಮಗನ ಕೈಗೂ, ಎಲ್ಲರದೂ ಮುಗಿದ ಮೇಲೆ ಮಗಳ ಕೈಗೂ ಬರುವುದನ್ನು ನಾವೆಲ್ಲರೂ ಬಲ್ಲೆವು. ಅಷ್ಟರಲ್ಲಿ ಅವಳಿಗೆ ಅಡಿಗೆಮನೆಯ ಕರೆ ಬಂದಿರುತ್ತದೆ. ಆದುದರಿಂದ ಈ ಪಾಠಗಳನ್ನು ಮನೆಗೆಲಸವಾಗಿ ಕೊಟ್ಟರೆ, ಅನುಕೂಲವುಳ್ಳವಳು ಮುಂದೆ ಹೋಗುವಳು. ಇಲ್ಲದವಳು ತನ್ನ ತಪ್ಪಿಲ್ಲದೆಯೇ ಹಿಂದುಳಿಯುವಳು. ತರಗತಿಯಲ್ಲಿ ಒಂದೇ ಪರದೆಯ ಮುಂದೆ ನಲವತ್ತು ಬಾಲಕಿಯರು ಕುಳಿತು ಕೇಳಿದಾಗ ಮಾತ್ರ ಅದು ಎಲ್ಲರಿಗೂ ಸಮಾನವಾದ ದಾನವಾಗುವುದು.

ಆದಕಾರಣ ನಾವು ಸೂಚಿಸುವುದೇನೆಂದರೆ: ಪರಭಾಷೆಯನ್ನು ಕಲಿಸುವ ಶಾಲೆಗಳು ವಾರಕ್ಕೊಂದು ಶ್ರವಣದ ಗಂಟೆಯನ್ನು ವೇಳಾಪಟ್ಟಿಯಲ್ಲಿಯೇ ನಿಗದಿಮಾಡಲಿ. ಆಯ್ದ ಪಾಠಗಳ ಬರಹವನ್ನು ಅಚ್ಚುಹಾಕಿ ಪ್ರತಿಯೊಬ್ಬಳ ಕೈಗೂ ಕೊಡಲಿ. ಉಪಾಧ್ಯಾಯಿನಿಯರು ಕನ್ನಡದಲ್ಲಿ ಬರೆದ ಟಿಪ್ಪಣಿಗಳನ್ನು ಕೂಡಿಸಿಟ್ಟು ಇತರ ಶಾಲೆಗಳಿಗೂ ಧಾರಾಳವಾಗಿ ಹಂಚಲಿ. ಇತರರಿಂದ ಉಚಿತವಾಗಿ ಪಡೆದವರು ಉಚಿತವಾಗಿ ಕೊಡುವುದೂ ಧರ್ಮವಷ್ಟೆ. ಪರಸ್ಥಳಗಳಲ್ಲಿದ್ದು ಸ್ಪ್ಯಾನಿಷ್ ಬಲ್ಲ ಹಳೆಯ ವಿದ್ಯಾರ್ಥಿನಿಯರು ಈ ಕೆಲಸದಲ್ಲಿ ಕೈಗೂಡಿಸಬಹುದು.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವು ಚಿಕ್ಕದು. ಮಗಳು ಮನೆಗೆ ಬಂದು ಆ ದಿನ ಕೇಳಿದ ಮಾತುಗಳನ್ನು ಮತ್ತೊಮ್ಮೆ ಕೇಳಬೇಕೆಂದರೆ, ಮಗನಿಗೆ ಕೊಡುವಂತೆಯೇ ಅವಳಿಗೂ ದಿನಕ್ಕೆ ಅರ್ಧ ಗಂಟೆಯ ಕಾಲವನ್ನು ತಡೆಯಿಲ್ಲದೆ ಕೊಡಿರಿ. ಇದಕ್ಕೂ ಹಣವೇನೂ ಬೇಕಾಗಿಲ್ಲ.