ಏಳನೇ ಮಹಡಿಯ ಫ್ರಿಜ್
ಡೊಂಬಿವಲಿಯ ತಂಗಿಯ ಮನೆಗೆ ಹೊಸ ಫ್ರಿಜ್ ಬಂತು. ಬಾಗಿಲಲ್ಲೇ ತಣ್ಣೀರು, ಐಸ್ ಬರುವಂಥದ್ದು. ಕಾಲಿಂಚಿನ ಬಿಳಿ ಪೈಪನ್ನು ಅಡುಗೆಮನೆಯ ನಲ್ಲಿಗೆ ಜೋಡಿಸಿದ್ದಾಯಿತು, ನೀರು ಮಾತ್ರ ದಾರದೆಳೆಯಷ್ಟೇ ಇಳಿಯಿತು. ಅವಳದು ಏಳನೇ ಮಹಡಿ, ತಲೆಯ ಮೇಲೇ ಟ್ಯಾಂಕ್. ಹತ್ತಡಿ ಎತ್ತರದಿಂದ ಇಳಿದ ನೀರಿಗೆ ಸಿಗುವ ಒತ್ತಡ ಸುಮಾರು 4.3 ಪಿಎಸ್‌ಐ, ಇಂಥ ಫ್ರಿಜ್‌ಗಳು ಸಾಮಾನ್ಯವಾಗಿ ಕೇಳುವುದು ಕನಿಷ್ಠ 20. ಅದೇ ಕಟ್ಟಡದ ಎರಡನೇ ಮಹಡಿಯವರಿಗೆ ಈ ತಾಪತ್ರಯವಿಲ್ಲ. ಠಾಣೆ, ಕಲ್ಯಾಣ, ನವಿ ಮುಂಬಯಿಯ ಮೇಲ್ಮಹಡಿಗಳಲ್ಲಿರುವವರು ದುಡ್ಡು ಕೊಡುವ ಮೊದಲೇ ಒತ್ತಡ ಅಳೆಸಿ. ಸಾಲದಿದ್ದರೆ ಸಣ್ಣ ಬೂಸ್ಟರ್ ಪಂಪ್ ಹಾಕಿಸಿ. ಪೈಪಿಗೆ ಪ್ರತ್ಯೇಕ ವಾಲ್ವ್ ಇರಲೇಬೇಕು, ಊರಿಗೆ ಹೊರಟಾಗ ಮುಚ್ಚಿ ಹೋಗಿ. ಇಂಥದೊಂದು ಪೈಪ್ ಕಳಚಿ ಕೆಳಗಿನ ಮನೆಯ ಸೀಲಿಂಗ್ ತೊಯ್ದದ್ದನ್ನು ನಾನು ಕಂಡಿದ್ದೇನೆ. ಸುಣ್ಣ ಚಕ್ಕೆ ಚಕ್ಕೆಯಾಗಿ ಅನ್ನದ ಪಾತ್ರೆಯ ಮೇಲೆ ಬಿದ್ದಿತ್ತು.