ದೆವ್ವ ತೋರಿಸ್ತೀನಿ ಬನ್ನಿ ಸಾರ್!

ಸೆಕೆಂಡ್ ಷೋ ಮುಗಿದ ಮೇಲೆ...



ಕಾಸು ಕೊಟ್ಟು ಹೆದರಿಕೊಳ್ಳುವ ಚಟ ನಮಗೆ ಮಾತ್ರ ಇರೋದು ಅಂದುಕೊಂಡಿದ್ದೀರಾ? ಇಲ್ಲ ಸ್ವಾಮೀ! ಇಂಗ್ಲೆಂಡಿನ ಯಾರ್ಕ್ ಎಂಬ ಹಳೇ ಪಟ್ಟಣದಲ್ಲಿ 1973ರಲ್ಲೇ 'ಘೋಸ್ಟ್ ವಾಕ್' ಶುರುವಾಯ್ತು. ಕತ್ತಲಾಗುವ ಹೊತ್ತಿಗೆ ಒಬ್ಬ ಗೈಡ್ ಬರ್ತಾನೆ. ಜನರನ್ನು ಹಿಂದೆ ಹಾಕಿಕೊಂಡು ಪೇಟೆ ಬೀದಿ, ಸಂದುಗೊಂದು ಸುತ್ತಿಸ್ತಾನೆ. ಇಲ್ಲಿ ಗಲ್ಲಿಗೇರಿಸಿದ್ರು, ಅಲ್ಲಿ ಒಬ್ಬಳು ಕಿಟಕಿಯಲ್ಲಿ ಕಾಣಿಸ್ತಾಳೆ ಅಂತ ಗಂಟಲು ತಗ್ಗಿಸಿ ಹೇಳ್ತಾನೆ. ಜನ ಕಿರುಚಿ, ಆಮೇಲೆ ನಕ್ಕು, ದುಡ್ಡು ಕೊಟ್ಟು ಮನೆಗೆ ಹೋಗ್ತಾರೆ. ಎಡಿನ್‌ಬರೋದಲ್ಲೂ ಇದೇ ವ್ಯಾಪಾರ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲೂ ಇದೇ. ನಮ್ಮ ದೇಶವೇನು ಕಮ್ಮಿ? 2023ರಲ್ಲಿ ದೆಹಲಿ ಸರಕಾರದ ಪ್ರವಾಸೋದ್ಯಮದವರೇ ಮಾಲ್ಚಾ ಮಹಲ್ ಎಂಬ ಪಾಳುಕಟ್ಟಡಕ್ಕೆ ದೆವ್ವದ ಟೂರ್ ಶುರು ಮಾಡಿದರು. ಸರಕಾರಿ ದೆವ್ವ ಗುರುವೇ, ಸರಕಾರಿ ದೆವ್ವ!

ನಮ್ಮ ಕನ್ನಡದ ಹುಡುಗರಿಗೆ ಇದೆಲ್ಲ ಹೊಸದೇನಲ್ಲ ಬಿಡಿ. 1979ರಲ್ಲಿ 'ನಾ ನಿನ್ನ ಬಿಡಲಾರೆ' ಬಂದಾಗ ಅನಂತನಾಗ್ ಮೈಮೇಲೆ ಸತ್ತವಳು ಬಂದು ಕೂತಳು. ಟಾಕೀಸಿನಲ್ಲಿ ಶಿಳ್ಳೆ ಹೊಡೀತಿದ್ದವರು ಮನೆಗೆ ಹೋಗುವಾಗ ರಾಯರ ಹೆಸರು ಜಪಿಸಿದರು ಅಂತ ನಮ್ಮ ಹಿರಿಯರು ಈಗಲೂ ಹೇಳ್ತಾರೆ. 1990ರ ದಶಕದಲ್ಲಿ ಬೆಂಗಳೂರಿನ ಮನೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರಲ್ಲ, ನೆನಪಿದೆಯಾ? ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತಂತೆ. ಅಂದರೆ ದೆವ್ವಕ್ಕೆ ಕನ್ನಡ ಓದಲು ಬರ್ತಿತ್ತು ಅಂತಾಯ್ತು, ಸಂತೋಷ! 2018ರಲ್ಲಿ ಹಿಂದಿಯವರು ಅದೇ ನಂಬಿಕೆಯನ್ನು 'ಸ್ತ್ರೀ' ಚಿತ್ರಕ್ಕೆ ಬಳಸಿಕೊಂಡು ಗಲ್ಲಾ ತುಂಬಿಸಿಕೊಂಡರು. ದೆವ್ವ ನಮ್ಮದು, ಕಲೆಕ್ಷನ್ ಅವರದು.

ಹಳೇಬೀಡಿನ ಸಂಜೆ

ನಾನು ಕಂಡ ದೆವ್ವದ ಟೂರ್‌ಗೆ ಬೋರ್ಡೂ ಇಲ್ಲ, ರಸೀದಿಯೂ ಇಲ್ಲ. ಅರಸೀಕೆರೆಯಲ್ಲಿ ರೈಲಿಳಿದು, ಜಾವಗಲ್ ಮೇಲೆ ಬಸ್ಸು ಹಿಡಿದು ಹಳೇಬೀಡಿಗೆ ಹೋಗಿದ್ದೆ. ಮಧ್ಯಾಹ್ನ ಹೊಯ್ಸಳೇಶ್ವರ ಗುಡಿಯಲ್ಲಿ ಒಬ್ಬ ಗೈಡ್ ಸಿಕ್ಕರು. ಐವತ್ತು ದಾಟಿದ ಮನುಷ್ಯ, ಕುತ್ತಿಗೆಗೊಂದು ಟವಲ್ಲು. ಬೆಂಗಳೂರಿನಿಂದ ಬೈಕಿನಲ್ಲಿ ಬಂದಿದ್ದ ಮೂವರು ಕಾಲೇಜು ಹುಡುಗರು ಅವರ ಹಿಂದೆ ಬಿದ್ದಿದ್ದರು. "ಸಾರ್, ಶಿಲ್ಪ ಸಾಕು. ಇಲ್ಲಿ ದೆವ್ವ ಗಿವ್ವ ಇಲ್ವಾ?"

ಗೈಡ್ ನಕ್ಕರು. "ಇದರ ಹೆಸರೇ ಹಾಳಾದ ಬೀಡು. ಇಲ್ಲಿ ಇಲ್ದೆ ಇನ್ನೆಲ್ಲಿರುತ್ತೆ? ದೆವ್ವ ತೋರಿಸ್ತೀನಿ, ಬನ್ನಿ ಸಾರ್. ಮುನ್ನೂರು ರೂಪಾಯಿ."

ನಾನೂ ಜೊತೆಗೆ ಸೇರಿಕೊಂಡೆ.

ಮೊದಲು ಕರೆದುಕೊಂಡು ಹೋಗಿದ್ದು ಗುಡಿಯ ದಕ್ಷಿಣಕ್ಕಿರುವ ಗರುಡಗಂಬಕ್ಕೆ. ಹಗಲು ಬಂದವರು ಇದನ್ನು ನೋಡದೇ ಹೋಗ್ತಾರೆ. ಹತ್ತಿರ ಹೋಗಿ ಕಣ್ಣಿಟ್ಟು ನೋಡಿ, ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರಿದ್ದಾರೆ! ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ. ರಾಜ ಇರುವತನಕ ನಾನು, ಅವನು ಹೋದ ದಿನ ನಾನೂ ಹೋದೆ ಅಂತ ಭಾಷೆ ಕೊಟ್ಟಿದ್ದ ಗರುಡ ಅವನು. ರಾಜ ತೀರಿಕೊಂಡದ್ದು 1220ರಲ್ಲಿ. ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವನ ಕೈಕೆಳಗಿನ ವೀರರು ಎಲ್ಲರೂ ಮಾತಿಗೆ ಪ್ರಾಣ ಕೊಟ್ಟರು. ಇದು ಅಜ್ಜಿ ಕಥೆಯಲ್ಲ, ಶಾಸನದಲ್ಲಿರೋ ಮಾತು. ನಮ್ಮ ಸಿನಿಮಾದಲ್ಲಿ ಹೀರೋಗೆ ಗೆಳೆಯ ಪ್ರಾಣ ಕೊಟ್ಟರೆ ಕರ್ಚೀಫು ಹಿಡಿಯುತ್ತೇವೆ. ಇಲ್ಲಿ ಒಂದು ಪಡೆಯೇ ಕೊಟ್ಟಿದೆ, ನೋಡುವವರಿಲ್ಲ.

ಅಷ್ಟರಲ್ಲಿ ಪೀಪಿ ಊದಿತು. ಹೊತ್ತು ಮುಳುಗಿದ ಮೇಲೆ ಒಳಗೆ ಯಾರೂ ಇರುವ ಹಾಗಿಲ್ಲ, ಪುರಾತತ್ವ ಇಲಾಖೆಯ ಕಾನೂನು. ಒಂದು ತಮಾಷೆ ಕೇಳಿ. ರಾಜಸ್ಥಾನದ ಭಾನ್‌ಗಢ ಕೋಟೆಯಲ್ಲೂ ಇಲಾಖೆಯವರು ಇದೇ ರೀತಿ ಬೋರ್ಡು ಹಾಕಿದ್ದಾರೆ. 'ನೋಡಿದ್ರಾ, ಸರಕಾರವೇ ದೆವ್ವ ಇದೆ ಅಂತ ಒಪ್ಪಿಕೊಂಡಿದೆ' ಅಂತ ದೇಶವೆಲ್ಲ ಡಂಗುರ. ಅದೇ ನಿಯಮ ಹಳೇಬೀಡಿನಲ್ಲಿದ್ದರೆ 'ವಾಚ್‌ಮನ್ ಮನೆಗೆ ಹೋಗಬೇಕಲ್ಲಪ್ಪ' ಅಂತೀವಿ. ಬೋರ್ಡು ಎರಡೂ ಕಡೆ ಒಂದೇ, ಕಥೆ ಕಟ್ಟುವವರು ಬೇರೆ.

ಮುಂದಕ್ಕೆ ದ್ವಾರಸಮುದ್ರದ ಕೆರೆ ಕಡೆ ನಡೆದೆವು. ನೀರು ಕಪ್ಪಾಗುತ್ತಿತ್ತು. ಗೈಡ್ ದನಿ ತಗ್ಗಿಸಿ ಶಾಪದ ಕಥೆ ತೆಗೆದರು. ಬಲ್ಲಾಳರಾಯನ ತಂಗಿ ಇಬ್ಬರು ಸ್ಫುರದ್ರೂಪಿ ಮಕ್ಕಳ ಜೊತೆ ತವರಿಗೆ ಬಂದಳಂತೆ. ರಾಣಿಯೊಬ್ಬಳ ಕಣ್ಣು ಹುಡುಗರ ಮೇಲೆ ಬಿತ್ತು. ಅವರು ಒಪ್ಪಲಿಲ್ಲ. ಅವಳು ರಾಜನ ಕಿವಿ ಊದಿದಳು, ರಾಜ ಸೋದರಳಿಯಂದಿರನ್ನೇ ಕೊಲ್ಲಿಸಿದ. ತಾಯಿ ಬೀದಿ ಬೀದಿ ಅಳುತ್ತಾ ನಡೆದಾಗ ಯಾರೂ ಗುಟುಕು ನೀರು ಕೊಡಲಿಲ್ಲ, ಒಬ್ಬ ಕುಂಬಾರನ ಹೊರತು. 'ಈ ಊರು ಹಾಳಾಗಲಿ, ಕುಂಬಾರ ಬೀದಿ ಉಳಿಯಲಿ' ಅಂತ ಶಾಪ ಹಾಕಿದಳಂತೆ!

ಇತಿಹಾಸ ಬೇರೆ ಹೇಳುತ್ತೆ. 1311ರಲ್ಲಿ ಮಲಿಕ್ ಕಾಫರ್ ದಂಡು ಬಂತು, ಆಮೇಲೆ ತುಘಲಕ್ ದಂಡು ಬಂತು. ಮೂರನೇ ಬಲ್ಲಾಳ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಅವನ ಚರ್ಮಕ್ಕೆ ಹುಲ್ಲು ತುಂಬಿ ಗೋಡೆಗೆ ನೇತುಹಾಕಿದ್ದರೆಂದು ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಆದರೂ ಊರಿನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು ದಂಡಿನ ಕಥೆಯಲ್ಲ, ನೀರು ಕೊಟ್ಟವನ ಕಥೆ. ಇದೇ ರೀತಿ ಬೇಲೂರಿನಲ್ಲಿ ನೋಡಿ, ಇಲ್ಲಿಂದ 16 ಕಿಲೋಮೀಟರ್. ಜಕಣಾಚಾರಿ ಎಲ್ಲರಿಗೂ ಗೊತ್ತು. 1964ರಲ್ಲಿ ಬಿ. ಎಸ್. ರಂಗಾ ಅವನನ್ನು ಕನ್ನಡದ ಮೊದಲ ಪೂರ್ಣ ವರ್ಣಚಿತ್ರದಲ್ಲಿ ಕಲ್ಯಾಣ್‌ಕುಮಾರ್ ರೂಪದಲ್ಲಿ ತೋರಿಸಿಬಿಟ್ಟರು. ಶಾಸನದಲ್ಲಿ ಅವನ ಹೆಸರಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಟ್ಟು ಹೋದ ಬಳ್ಳಿಗಾವೆಯ ದಾಸೋಜ ಯಾರಿಗೆ ಗೊತ್ತು? ಕಥೆಗೆ ಅಷ್ಟು ಬಲ.

"ಆ ಕಥೆ ಹೇಳಲ್ಲ ಸಾರ್"

ಹುಡುಗರಿಗೆ ಇದ್ಯಾವುದೂ ಹಿಡಿಸಲಿಲ್ಲ. ಒಬ್ಬ ಮೊಬೈಲ್ ತೆಗೆದ. "ಗೈಡ್ ಸಾರ್, ಇಲ್ಲೆಲ್ಲೋ ಒಂದು ಬಾವಿ ಇದೆಯಂತಲ್ಲಾ? ಹುಡುಗಿ ದೆವ್ವ. ವೀಡಿಯೋದಲ್ಲಿ ನೋಡಿದ್ವಿ. ಅಲ್ಲಿಗೆ ಕರ್ಕೊಂಡು ಹೋಗಿ, ಇನ್ನೂ ಇನ್ನೂರು ಕೊಡ್ತೀವಿ."

ಗೈಡ್ ನಿಂತುಬಿಟ್ಟರು. ಟವಲ್ಲು ತೆಗೆದು ಮುಖ ಒರೆಸಿಕೊಂಡರು.

"ಆ ಕಥೆ ಹೇಳಲ್ಲ ಸಾರ್."

"ಯಾಕೆ, ಭಯಾನಾ?"

"ಭಯ ಅಲ್ಲ. ಆ ಮಗು ತಾಯಿ ಇನ್ನೂ ಇದ್ದಾರೆ. ನಮ್ಮ ಬೀದೀಲೇ ಹೂವು ಕಟ್ತಾರೆ. ದಿನಾ ನನ್ನ ಮಗಳು ಅವರ ಹತ್ರಾನೇ ಹೂವು ತರೋದು."

ಹುಡುಗರು ಸುಮ್ಮನಾದರು. ಗೈಡೇ ಮಾತು ಮುಂದುವರಿಸಿದರು, ಈ ಸಲ ದನಿ ತಗ್ಗಿಸಿದ್ದು ಹೆದರಿಸಲಿಕ್ಕಲ್ಲ. "ಹತ್ತೊಂಬತ್ತು ವರ್ಷ ಸಾರ್. ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಒಬ್ಬಳೇ ಮಾತಾಡೋಳು. ಗಾಳಿ ಮೆಟ್ಟಿದೆ ಅಂದ್ರು. ಯಾರನ್ನೋ ಕರೆಸಿದ್ರು. ಬೇವಿನ ಸೊಪ್ಪು, ಹುಣಸೆ ಬರಲು, ಮೆಣಸಿನಕಾಯಿ ಹೊಗೆ... ಮೂರು ಅಮಾವಾಸ್ಯೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ನಾನು ಒಂದು ಸಲ ಹೇಳ್ದೆ. ಇದು ಡಾಕ್ಟ್ರಿಗೆ ಬಗ್ಗೋದಲ್ಲ ಅಂದ್ರು. ಬದುಕಿದ್ದಾಗ ದೆವ್ವ ಅಂತ ಹೊಡೆದ್ರು, ಸತ್ತ ಮೇಲೂ ದೆವ್ವ ಅಂತಾರೆ. ಅವಳು ಮನುಷ್ಯಳಾಗಿ ಇದ್ದದ್ದು ಯಾವಾಗ, ನೀವೇ ಹೇಳಿ."

ಮೊಬೈಲ್ ಹಿಡಿದಿದ್ದವನು ಅದನ್ನು ಜೇಬಿಗೆ ಹಾಕಿಕೊಂಡ. ಮುನ್ನೂರು ರೂಪಾಯಿ ಎಣಿಸಿ ಕೊಟ್ಟ. ಟೂರ್ ಅಲ್ಲಿಗೆ ಮುಗೀತು.

ಇನ್ನು ಆ ಸರಕಾರಿ ದೆವ್ವದ ವಿಚಾರ

ಮೇಲೆ ಹೇಳಿದ ಮಾಲ್ಚಾ ಮಹಲ್ ನೆನಪಿಸಿಕೊಳ್ಳಿ. ಅಲ್ಲಿ ಓಡಾಡುವ ದೆವ್ವ ಯಾರದ್ದಂತೆ ಗೊತ್ತಾ? ತಾನು ಅವಧ್ ನವಾಬರ ವಂಶದವಳು, ಅರಮನೆ ವಾಪಸು ಕೊಡಿ ಅಂತ ಹಟ ಹಿಡಿದಿದ್ದ ಒಬ್ಬ ಹೆಂಗಸು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಎರಡು ಗಂಟೆ ಲೇಟಾದರೆ ನಮಗೆ ಸೊಂಟ ಹಿಡಿಯುತ್ತೆ. ಆಕೆ ಮಗ ಮಗಳ ಜೊತೆ ನವದೆಹಲಿ ಸ್ಟೇಷನ್ನಿನ ವೆಯ್ಟಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಕೂತಳು! 1985ರಲ್ಲಿ ಸರಕಾರ ಆ ಪಾಳುಕಟ್ಟಡ ಕೊಟ್ಟಿತು. 1993ರಲ್ಲಿ ಆಕೆ ಜೀವ ಕಳೆದುಕೊಂಡಳು. ಕೊನೆಗೆ ಉಳಿದಿದ್ದ ಮಗ 2017ರಲ್ಲಿ ಒಂಟಿಯಾಗಿ ಸತ್ತ. 2019ರಲ್ಲಿ ಅಮೆರಿಕದ ಪತ್ರಿಕೆಯೊಂದು ಹುಡುಕಿ ತೆಗೆದಾಗ ತಿಳಿದದ್ದು, ಅವರು ನವಾಬರಲ್ಲ, ದೇಶ ಒಡೆದಾಗ ನೆಲೆ ಕಳೆದುಕೊಂಡು ಮನಸ್ಸೂ ಕೆಟ್ಟ ಒಂದು ಸಂಸಾರ ಅಂತ. ಅಲ್ಲಿ ವಾಸವಿದ್ದ ಕೊನೆಯವನು ಸತ್ತು ಆರು ವರ್ಷಕ್ಕೆ ಟಿಕೆಟ್ಟು! ಇದಕ್ಕೆ ದೆವ್ವದ ಕಥೆ ಅನ್ನಬೇಕೋ, ನಮ್ಮ ಕಥೆ ಅನ್ನಬೇಕೋ?

ನಾಗವಲ್ಲಿ ಶಾಪವಂತೆ!

ದೆಹಲಿ ಯಾಕೆ, ನಮ್ಮ ಮನೆ ವಿಷಯಕ್ಕೇ ಬರೋಣ. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. 'ಆಪ್ತಮಿತ್ರ' ತೆರೆಗೆ ಬಂದದ್ದು ಅದೇ ವರ್ಷ ಆಗಸ್ಟಿನಲ್ಲಿ. ಮುಂದೆ 'ಆಪ್ತರಕ್ಷಕ' ಮುಗಿಸಿದ ಸಾಹಸಸಿಂಹ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೃದಯಾಘಾತದಿಂದ ಹೋದರು. ಚಿತ್ರ ಬಿಡುಗಡೆಯಾದದ್ದು 2010ರಲ್ಲಿ. ಸರಿ, ಶುರುವಾಯ್ತು ಪಿಸುಮಾತು: 'ಎಲ್ಲಾ ನಾಗವಲ್ಲಿ ಶಾಪ!' ಟೀ ಅಂಗಡಿಯಲ್ಲಿ ಇದನ್ನು ಹೇಳಿದವರು ಯಾರು? ನಾವೇ! ಚಿಕ್ಕ ವಯಸ್ಸಿಗೇ ಹೋದ ಹೆಣ್ಣುಮಗಳು, ಅದೇ ವಿಮಾನದಲ್ಲಿ ಹೋದ ಅವರ ಅಣ್ಣ, 59ಕ್ಕೇ ಹೋದ ನಮ್ಮ ದಾದಾ... ಇವರ ಮನೆಯವರು ಪೇಪರಿನಲ್ಲಿ ಆ ಮಾತು ಓದಿದರೆ ಹೇಗಿರುತ್ತೆ ಅಂತ ನಾವು ಯೋಚಿಸಿದೆವಾ?

ಅದಕ್ಕಿಂತ ದೊಡ್ಡ ತಮಾಷೆ ಅಂದರೆ 'ಆಪ್ತಮಿತ್ರ'ದಲ್ಲಿ ದೆವ್ವವೇ ಇಲ್ಲ! ನೂರು ಸಲ ನೋಡಿದ್ದೀರಿ, ನೆನಪು ಮಾಡಿಕೊಳ್ಳಿ. ಗಂಗಾಗೆ ಇದ್ದದ್ದು ಮನಸ್ಸಿನ ಕಾಯಿಲೆ. ಅವಳಿಗೆ ಬೇಕಾದದ್ದು ಏಟಲ್ಲ, ಡಾಕ್ಟರು. ಆ ಡಾಕ್ಟರು ಸಾಕ್ಷಾತ್ ವಿಷ್ಣು! ಹನ್ನೊಂದು ವರ್ಷ ಮೊದಲು, 1993ರಲ್ಲಿ, ಮಲಯಾಳದ ಮೂಲ ಚಿತ್ರ 'ಮಣಿಚಿತ್ರತ್ತಾಳ್' ಹೇಳಿದ್ದೂ ಇದನ್ನೇ. 'ದೆವ್ವ ಅಲ್ಲ ಕಣ್ರೋ' ಅಂತ ಎರಡೂವರೆ ಗಂಟೆ ಹೇಳಿದ ಚಿತ್ರವನ್ನು ನೋಡಿ ಎದ್ದು ಬಂದು, ಅದರ ಮೇಲೇ ದೆವ್ವ ಹತ್ತಿಸಿದೆವು.

ಕಾಕತಾಳೀಯಕ್ಕೆ ಶಾಪ ಅಂತ ಹೆಸರಿಡುವವರಿಗೆ ಇನ್ನೊಂದು ಕಾಕತಾಳೀಯ ಕೊಡ್ತೀನಿ, ಹಿಡಿಯಿರಿ. ಸಂಪತ್‌ಕುಮಾರ್ ಎಂಬ ಹುಡುಗನಿಗೆ 1972ರ 'ನಾಗರಹಾವು' ಹೊತ್ತಿಗೆ ಪುಟ್ಟಣ್ಣ ಕಣಗಾಲ್ ಇಟ್ಟ ಹೆಸರು ವಿಷ್ಣುವರ್ಧನ್. ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಹೊಯ್ಸಳ ದೊರೆಯ ಹೆಸರೂ ಅದೇ. ನಮ್ಮ ದಾದಾ ಹುಟ್ಟಿದ್ದು ಸೆಪ್ಟೆಂಬರ್ 18. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಿಸಿದ ದಿನ ಯಾವುದು? 2023ರ ಸೆಪ್ಟೆಂಬರ್ 18! ಇದಕ್ಕೆ ಯಾರಾದರೂ ನಾಗವಲ್ಲಿ ಕೆಲಸ ಅಂದರಾ? ಇಲ್ಲ. ತಾರೀಕು ಕೂಡಿ ಬಂದಾಗ ಒಳ್ಳೆಯದಾದರೆ ಪುಣ್ಯ, ಕೆಟ್ಟದಾದರೆ ದೆವ್ವ. ಎಂಥಾ ಲೆಕ್ಕ ನಮ್ಮದು!

ದೆವ್ವದ ಚಿತ್ರ ಬೇಡ ಅನ್ನುವ ಮಡಿವಂತ ನಾನಲ್ಲ. 2016ರ 'ಯು ಟರ್ನ್' ನೋಡಿ. ಡಬಲ್ ರೋಡ್ ಫ್ಲೈಓವರಿನ ಮೇಲೆ ಕಲ್ಲು ಸರಿಸಿ ಬೈಕ್ ತಿರುಗಿಸುವವರನ್ನು ಕಾಡುವ ಆ ಆತ್ಮ ಎಷ್ಟು ಹುಡುಗರ ಕೈಯನ್ನು ತಡೆದಿರಬಹುದು! ದೆವ್ವ ಇದ್ದರೆ ಹಾಗೆ ಇರಬೇಕು, ನಾಲ್ಕು ಜನಕ್ಕೆ ಉಪಯೋಗವಾಗಬೇಕು.

ಆದರೆ ಪರದೆ ಮೇಲಿನ ದೆವ್ವ ಬೇರೆ, ಪಕ್ಕದ ಮನೆ ಹುಡುಗಿ ಬೇರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರಲ್ಲಿ ಮಾಡಿದ ಕಾಯಿದೆ, 2020ರಿಂದ ಜಾರಿಯಲ್ಲಿದೆ. ನಿಮ್ಮ ಓಣಿಯಲ್ಲಿ ಯಾರನ್ನಾದರೂ ಗಾಳಿ ಮೆಟ್ಟಿದೆ ಅಂತ ಕೂರಿಸಿ ಸೊಪ್ಪು ತೆಗೆದರೆ ಸುತ್ತ ನಿಂತು ವೀಡಿಯೋ ಮಾಡಬೇಡಿ. ಪೋಲೀಸಿಗೆ ಹೇಳಿ. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಅಂತ 'ಟೆಲಿ ಮಾನಸ್' ನಂಬರಿದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸಿನಿಮಾದಲ್ಲಿ ಆ ಕೆಲಸಕ್ಕೆ ವಿಷ್ಣು ಬಂದರು. ನಿಮ್ಮ ಓಣಿಗೆ ಅವರು ಬರೋದಿಲ್ಲ, ನೀವೇ ಬರಬೇಕು.

ಇನ್ನು ಟೂರ್ ಹೋಗುವ ಉಮೇದು ಇದ್ದವರು ಧಾರಾಳವಾಗಿ ಹೋಗಿ. ಗೈಡ್ ಕಥೆ ಶುರು ಮಾಡಿದಾಗ ಒಂದೇ ಪ್ರಶ್ನೆ ಕೇಳಿ: 'ಸತ್ತವರಿಗಾಗಿ ಅಳುವವರು ಯಾರಾದರೂ ಈಗ ಇದ್ದಾರಾ?' ಇಲ್ಲ ಅಂದರೆ ಕುವರ ಲಕ್ಷ್ಮನ ಕಥೆ ಕೇಳಿ, ಬಲ್ಲಾಳನ ತಂಗಿ ಕಥೆ ಕೇಳಿ, ಮೈ ಜುಮ್ ಅನ್ನಿಸಿಕೊಳ್ಳಿ, ಗೈಡ್ ಕೈಗೆ ನೂರು ರೂಪಾಯಿ ಜಾಸ್ತಿಯೇ ಇಡಿ. ಇದ್ದಾರೆ ಅಂದರೆ ಅದು ದೆವ್ವದ ಕಥೆಯಲ್ಲ, ಸಾವಿನ ಮನೆ. ಸಾವಿನ ಮನೆಗೆ ನಾವು ಹೇಗೆ ಹೋಗ್ತೀವಿ? ಚಪ್ಪಲಿ ಹೊರಗೆ ಬಿಟ್ಟು, ಬಾಯಿ ಮುಚ್ಚಿಕೊಂಡು, ಅಲ್ಲವೇ?

ಬರ್ಲಾ? ಮುಂದಿನ ವಾರ ಸಿಗೋಣ.